ಇಬ್ಬರು ಲಿ ಲಿಂಗ್, ಒಂದು ಕಂಚು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ಭಾನುವಾರದ ತಮ್ಮ ಕ್ರೀಡಾ ಪುಟದಲ್ಲಿ ಏಷ್ಯಾದ ಮಹಿಳಾ ಅಥ್ಲೀಟ್‌ಗಳನ್ನು ಕುರಿತು ಪ್ರಕಟವಾದ ಲೇಖನದಲ್ಲಿ ಚೀನಾದ ಪೋಲ್‌ವಾಲ್ಟ್ ಪಟು ಲಿ ಲಿಂಗ್ ಅವರಿಗೆ ಎರಡು ಪ್ಯಾರಾ ಮೀಸಲಾಗಿದ್ದುದನ್ನು ಕಂಡು ಸಂತೋಷಪಟ್ಟೆ. ಉದ್ದನೆಯ ಗಳ (ಕೋಲು) ಊರಿ ಎತ್ತರದ ಅಡ್ಡಪಟ್ಟಿಯನ್ನು ಹಾರಿ ದಾಟುವ ಈ ಆಟಕ್ಕೆ ಕನ್ನಡ ಪತ್ರಿಕೆಗಳಲ್ಲಿ ಎರಡು ಪ್ಯಾರಾ ಸಿಗುವುದೇ ಅಪರೂಪ. ಆದರೆ ಓದುತ್ತ ಹೋದಂತೆ ಆ ಸಂತೋಷ ಉಳಿಯಲಿಲ್ಲ. ಲಿ ಲಿಂಗ್ 2006ರ ದೋಹಾ ಮತ್ತು 2010ರ ಗುವಾಂಗ್‌ಝೌ ಕೂಟಗಳೂ ಸೇರಿದಂತೆ ಐದು ಬಾರಿ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದವರು, 2012ರ ಲಂಡನ್ ಒಲಿಂಪಿಕ್ಸ್‌ನ ಕಂಚಿನ ಪದಕ ವಿಜೇತೆ ಎಂದು ಬರೆದಿದ್ದ ಲೇಖಕರು, ಕೊನೆಗೆ ಆಕೆಯನ್ನು ‘ಚೀನಾದ ಕ್ರೀಡಾ ಕಾರ್ಖಾನೆಯಿಂದ ಹೊರಬಿದ್ದ ಮತ್ತೊಂದು ಸರಕು’ ಎಂದು ಕರೆದು ವಿಷಯ ಮುಗಿಸಿದ್ದಾರೆ. ಇವುಗಳಲ್ಲಿ ಮೊದಲಿನದು ತಪ್ಪು ಮಾಹಿತಿ, ಎರಡನೆಯದು ತಪ್ಪು ಅಭಿಪ್ರಾಯ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದ ನನಗೆ ಎರಡನ್ನೂ ಸುಮ್ಮನೆ ಬಿಡಲು ಮನಸ್ಸಾಗಲಿಲ್ಲ.

ಮಾಹಿತಿಯ ತಪ್ಪು ಹೇಗಾಯಿತೆಂಬುದು ಸುಲಭವಾಗಿ ಊಹಿಸಬಹುದಾದ ಸಂಗತಿ. ಚೀನಾದ ಅಥ್ಲೆಟಿಕ್ಸ್‌ನಲ್ಲಿ ಲಿ ಲಿಂಗ್ ಎಂಬ ಹೆಸರಿನ ಇಬ್ಬರು ಪ್ರಸಿದ್ಧ ಮಹಿಳೆಯರಿದ್ದಾರೆ. ಒಬ್ಬರು 1985ರಲ್ಲಿ ಹುಟ್ಟಿದ ಗುಂಡು ಎಸೆತಗಾರ್ತಿ. 2006ರ ದೋಹಾದಲ್ಲೂ 2010ರ ಗುವಾಂಗ್‌ಝೌನಲ್ಲೂ ಶಾಟ್‌ಪುಟ್‌ನಲ್ಲಿ ಚಿನ್ನ ಗೆದ್ದವರು ಇವರೇ. ಗುವಾಂಗ್‌ಝೌನಲ್ಲಿ ಇವರು ಎಸೆದ ದೂರ 19.94 ಮೀಟರ್. ಲಂಡನ್ ಒಲಿಂಪಿಕ್ಸ್‌ನಲ್ಲಿ ಇವರು ಪದಕದ ವೇದಿಕೆ ಹತ್ತಿರಲಿಲ್ಲ. ಮುಂದೆ ನಿಂತಿದ್ದ ಇಬ್ಬರು ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಅನರ್ಹರಾದ ಕಾರಣ, ವರ್ಷಗಳ ನಂತರ ಆ ಕಂಚು ಇವರ ಪಾಲಿಗೆ ಬಂತು. ಇನ್ನೊಬ್ಬರು 1989ರ ಜುಲೈ 6ರಂದು ಹೆನಾನ್ ಪ್ರಾಂತ್ಯದ ಪುಯಾಂಗ್‌ನಲ್ಲಿ ಹುಟ್ಟಿ, ಝೆಜಿಯಾಂಗ್ ಪ್ರಾಂತ್ಯದ ಪರವಾಗಿ ಸ್ಪರ್ಧಿಸುತ್ತ ಬಂದ ಪೋಲ್‌ವಾಲ್ಟ್ ಪಟು. ಈ ಇಬ್ಬರ ಹೆಸರುಗಳು ನಮ್ಮ ಲಿಪಿಯಲ್ಲಷ್ಟೇ ಅಲ್ಲ, ಚೀನೀ ಲಿಪಿಯಲ್ಲೂ ಒಂದೇ. ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಒಂದೇ ತರಗತಿಗೆ ಮೂವರು ಮಂಜುನಾಥರು ಬಂದಾಗ ಇನಿಷಿಯಲ್ ಹಿಡಿದು ಕೂಗುತ್ತಿದ್ದೆವು. ಚೀನೀ ಹೆಸರುಗಳಿಗೆ ಆ ಅನುಕೂಲವಿಲ್ಲ. ಆದ್ದರಿಂದ ಹುಟ್ಟಿದ ವರ್ಷವನ್ನಾದರೂ ನೋಡಬೇಕಿತ್ತು. ಅದೂ ಬೇಡ. ಗುಂಡು ಎಸೆಯುವ ಮೈಕಟ್ಟಿನವರು ಗಳ ಹಿಡಿದು ನಾಲ್ಕೂವರೆ ಮೀಟರ್ ಹಾರುವುದು ಸಾಧ್ಯವೇ ಎಂದು ಯಾವುದೇ ಪಿ.ಟಿ. ಮೇಷ್ಟ್ರನ್ನು ಕೇಳಿದ್ದರೂ ಸಾಕಾಗಿತ್ತು.

ಲಂಡನ್‌ನಲ್ಲಿ ಮಹಿಳೆಯರ ಪೋಲ್‌ವಾಲ್ಟ್‌ನ ಮೂರು ಪದಕಗಳು ಅಮೆರಿಕದ ಜೆನ್ ಸೂರ್, ಕ್ಯೂಬಾದ ಯಾರಿಸ್ಲೆ ಸಿಲ್ವಾ ಮತ್ತು ರಷ್ಯಾದ ಯೆಲೆನಾ ಇಸಿನ್‌ಬಯೆವಾ ಅವರಿಗೆ ಸಂದಿವೆ. ಮಹಿಳೆಯರ ಪೋಲ್‌ವಾಲ್ಟ್ ಒಲಿಂಪಿಕ್ಸ್‌ಗೆ ಸೇರಿದ್ದೇ 2000ದ ಸಿಡ್ನಿಯಲ್ಲಿ. ಅಲ್ಲಿಂದ 2024ರ ಪ್ಯಾರಿಸ್‌ವರೆಗಿನ ಏಳು ಕೂಟಗಳಲ್ಲಿ ಏಷ್ಯಾದ ಯಾವ ಮಹಿಳೆಗೂ ಈ ಸ್ಪರ್ಧೆಯ ಪದಕ ಒಲಿದಿಲ್ಲ. ಪುರುಷರಲ್ಲಿ ಜಪಾನಿನವರು ಗೆದ್ದದ್ದಿದೆ. ಅದು ಬಹಳ ಹಿಂದಿನ ಮಾತು. 1936ರ ಬರ್ಲಿನ್‌ನಲ್ಲಿ ಶುಹೆಯಿ ನಿಶಿದಾ ಮತ್ತು ಸುಎಒ ಓಎ ಇಬ್ಬರೂ 4.25 ಮೀಟರ್ ಹಾರಿ, ಒಬ್ಬರಿಗೆ ಬೆಳ್ಳಿ ಇನ್ನೊಬ್ಬರಿಗೆ ಕಂಚು ಸಿಕ್ಕಿತು. ಊರಿಗೆ ಮರಳಿದ ಮೇಲೆ ಎರಡೂ ಪದಕಗಳನ್ನು ನಡುವೆ ಕತ್ತರಿಸಿ, ಅರ್ಧ ಬೆಳ್ಳಿ ಅರ್ಧ ಕಂಚಿನ ಎರಡು ಪದಕಗಳಾಗಿ ಬೆಸೆಸಿ ಹಂಚಿಕೊಂಡರು. ಸ್ನೇಹಿತರು ಪದಕವನ್ನು ಹಂಚಿಕೊಂಡರೆ ಅದು ಚೆಂದ. ಪತ್ರಿಕೆಯೇ ಒಬ್ಬರ ಪದಕವನ್ನು ತೆಗೆದು ಇನ್ನೊಬ್ಬರ ಕೊರಳಿಗೆ ಹಾಕಿದರೆ ಇಬ್ಬರಿಗೂ ಅನ್ಯಾಯ.

ಈಗ ಅಭಿಪ್ರಾಯದ ವಿಷಯ. ತಪ್ಪಾಗಿ ಸೇರಿಕೊಂಡ ಕಂಚನ್ನೂ ಎರಡು ಚಿನ್ನಗಳನ್ನೂ ತೆಗೆದುಹಾಕಿದ ಮೇಲೆ ಲಿ ಲಿಂಗ್ ಅವರ ವೃತ್ತಿಜೀವನದಲ್ಲಿ ಉಳಿಯುವುದೇನು ಎಂದು ಯಾರಾದರೂ ಕೇಳಬಹುದು. ಉಳಿಯುವುದೇ ಹೆಚ್ಚು ಬೆಲೆಯುಳ್ಳದ್ದು ಎಂಬುದು ನನ್ನ ವಾದ. ಅದನ್ನು ಹೇಳಲು 2013ರ ಪುಣೆಯಿಂದ ಶುರು ಮಾಡುತ್ತೇನೆ, ಏಕೆಂದರೆ ನಾನು ಅಲ್ಲಿದ್ದೆ. ಚೆನ್ನೈನಲ್ಲಿ ನಡೆಯಬೇಕಿದ್ದ ಏಷ್ಯನ್ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ಪುಣೆಯ ಬಾಲೇವಾಡಿಗೆ ವರ್ಗವಾಗಿ ಆ ವರ್ಷದ ಜುಲೈ ಮೊದಲ ವಾರ ನಡೆಯಿತು. ನಾವು ನಾಲ್ವರು ಶಿಕ್ಷಕರು ರೈಲು ಹಿಡಿದು ಹೋಗಿ, ಪೋಲ್‌ವಾಲ್ಟ್ ರನ್‌ವೇಗೆ ಆದಷ್ಟು ಹತ್ತಿರದ ಕಡೆ ಜಾಗ ಹಿಡಿದು ಕೂತಿದ್ದೆವು. ಟಿ.ವಿ.ಯಲ್ಲಿ ಕಾಣುವುದು ಹಾರುವ ಒಂದು ಕ್ಷಣ ಮಾತ್ರ. ಹತ್ತಿರದಿಂದ ನೋಡಿದರೆ ಪೋಲ್‌ವಾಲ್ಟ್ ಬಹುಪಾಲು ಕಾಯುವ ಆಟ. ಸ್ಪರ್ಧಿಗಳು ಉದ್ದನೆಯ ಚೀಲಗಳಿಂದ ಗಳಗಳನ್ನು ಒಂದೊಂದಾಗಿ ಹೊರಗೆಳೆದು ಸಾಲಾಗಿ ಮಲಗಿಸುತ್ತಾರೆ; ಹಿಡಿಯುವ ಕಡೆ ಟೇಪ್ ಸುತ್ತುತ್ತಾರೆ, ಬಿಚ್ಚುತ್ತಾರೆ, ಮತ್ತೆ ಸುತ್ತುತ್ತಾರೆ; ಓಟ ಶುರುವಾಗುವ ಜಾಗವನ್ನು ರನ್‌ವೇ ಪಕ್ಕದಲ್ಲಿ ಗುರುತು ಮಾಡಿ ಅರ್ಧ ಅಡಿ ಹಿಂದಕ್ಕೆ, ಕಾಲು ಅಡಿ ಮುಂದಕ್ಕೆ ಸರಿಸುತ್ತಿರುತ್ತಾರೆ; ಗಾಳಿ ಯಾವ ಕಡೆ ಎಂದು ಬಾವುಟ ನೋಡುತ್ತ ಕೂರುತ್ತಾರೆ. ಆ ವಾರವೇ 24 ತುಂಬಿದ ಲಿ ಲಿಂಗ್ ಅಂದು 4.54 ಮೀಟರ್ ಹಾರಿ ಚಿನ್ನ ಗೆದ್ದರು. ಪುರುಷರಲ್ಲಿ ಅವರದೇ ದೇಶದ ಶ್ವೆ ಚಾಂಗ್‌ರೂಯಿ 5.60 ಮೀಟರ್ ಹಾರಿ ಗೆದ್ದರು. ನಾಲ್ಕು ವರ್ಷಗಳ ನಂತರ ಲಂಡನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 5.82 ಹಾರಿ ನಾಲ್ಕನೆಯವರಾದದ್ದು ಇದೇ ಶ್ವೆ.

ಪುಣೆಯಾದ ಎರಡೇ ತಿಂಗಳಿಗೆ, ಸೆಪ್ಟೆಂಬರ್‌ನಲ್ಲಿ, ಶೆನ್‌ಯಾಂಗ್‌ನಲ್ಲಿ ನಡೆದ ಚೀನಾದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಲಿ ಲಿಂಗ್ 4.65 ಹಾರಿದರು. ಅದು ಏಷ್ಯಾದ ದಾಖಲೆ. ಅಲ್ಲಿಯವರೆಗೆ ಅದು ಚೀನಾದವರೇ ಆದ ಗಾವೊ ಶೂಯಿಂಗ್ ಹೆಸರಿನಲ್ಲಿ 4.64 ಇತ್ತು, 2007ರಲ್ಲಿ ನ್ಯೂಯಾರ್ಕ್‌ನಲ್ಲಿ ಮಾಡಿದ್ದು. ಅಂದರೆ ಆರು ವರ್ಷಗಳ ಮೇಲೆ ಒಂದು ಸೆಂಟಿಮೀಟರ್. 2015ರ ಜೂನ್‌ನಲ್ಲಿ ವುಹಾನ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 4.66, ಎರಡು ವರ್ಷಕ್ಕೆ ಇನ್ನೊಂದು ಸೆಂಟಿಮೀಟರ್. 2016ರ ಫೆಬ್ರುವರಿಯಲ್ಲಿ ದೋಹಾದ ಒಳಾಂಗಣ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 4.70. 2019ರ ಮೇ ತಿಂಗಳಲ್ಲಿ ಶಾಂಘೈನ ಡೈಮಂಡ್ ಲೀಗ್‌ನಲ್ಲಿ 4.72. ಪುಣೆಯಿಂದ ಶಾಂಘೈವರೆಗಿನ ಆರು ವರ್ಷಗಳಲ್ಲಿ ಒಟ್ಟು ಏರಿದ್ದು 18 ಸೆಂಟಿಮೀಟರ್, ಒಂದು ಗೇಣಿಗಿಂತ ಕಡಿಮೆ. ಕಾರ್ಖಾನೆಯಲ್ಲಿ ಸರಕು ಹೀಗೆ ತಯಾರಾಗುವುದಿಲ್ಲ ಎಂದಷ್ಟೇ ಹೇಳಬಲ್ಲೆ.

ಒಂದು ಸೆಂಟಿಮೀಟರ್ ಏಕೆ ಅಷ್ಟು ದುಬಾರಿ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ತಮ್ಮ ಲೇಖಕರು ‘ಬಗ್ಗುವ ಗಳ ಚಿಮ್ಮಿಸಿದರೆ ಹಾರುವುದು ತಾನೇ’ ಎಂಬ ಧಾಟಿಯಲ್ಲಿ ಬರೆದಿದ್ದಾರೆ. ಫೈಬರ್‌ಗ್ಲಾಸ್ ಗಳ ತಾನಾಗಿ ಯಾರನ್ನೂ ಚಿಮ್ಮಿಸುವುದಿಲ್ಲ. ಓಟಗಾರ್ತಿ ತಂದು ಕೊಟ್ಟ ವೇಗವನ್ನು ಅದು ಬಗ್ಗಿ ಇಟ್ಟುಕೊಂಡು, ನೆಟ್ಟಗಾಗುವಾಗ ಮರಳಿ ಕೊಡುತ್ತದೆ, ಅಷ್ಟೆ. ಹೆಚ್ಚು ಎತ್ತರ ಬೇಕಾದರೆ ಗಳವನ್ನು ಇನ್ನಷ್ಟು ತುದಿಗೆ ಹಿಡಿಯಬೇಕು, ಇಲ್ಲವೇ ಇನ್ನಷ್ಟು ಬಿಗಿಯಾದ ಗಳ ಹಿಡಿಯಬೇಕು. ಎರಡಕ್ಕೂ ಓಟದ ವೇಗ ಹೆಚ್ಚಬೇಕು, ಆ ವೇಗದಲ್ಲೂ ಕೊನೆಯ ಹೆಜ್ಜೆ ಅಂದುಕೊಂಡ ಜಾಗದಲ್ಲೇ ಬೀಳಬೇಕು, ಗಳದ ತುದಿ ನೆಲದಲ್ಲಿ ಹುದುಗಿಸಿದ 20 ಸೆಂಟಿಮೀಟರ್ ಆಳದ ಬಾಕ್ಸ್‌ಗೆ ಸರಿಯಾಗಿ ಇಳಿಯಬೇಕು. ವೇಗ ಸ್ವಲ್ಪ ಕಡಿಮೆಯಾದರೂ ಬಿಗಿ ಗಳ ಲಂಬವಾಗಿ ನಿಲ್ಲುವವರೆಗೆ ಮೇಲೇಳದೆ, ಬಂದ ದಾರಿಯಲ್ಲೇ ಹಿಂದಕ್ಕೆ ತಳ್ಳುತ್ತದೆ. ಮ್ಯಾಟ್ ಮೇಲೆ ಬೀಳಬೇಕಾದವರು ರನ್‌ವೇ ಮೇಲೆ ಬೀಳುತ್ತಾರೆ. ಆದ್ದರಿಂದಲೇ ಈ ಆಟದಲ್ಲಿ ಹೊಸ ಗಳಕ್ಕೆ ಏರುವುದೆಂದರೆ ಧೈರ್ಯದ ಲೆಕ್ಕವೂ ಹೌದು. ಇಷ್ಟೆಲ್ಲದರ ಮೇಲೆ ಗಳಗಳನ್ನು ವಿಮಾನದಲ್ಲಿ ಸಾಗಿಸುವ ತಾಪತ್ರಯ ಬೇರೆ. 2008ರ ಬೀಜಿಂಗ್ ಒಲಿಂಪಿಕ್ಸ್ ಫೈನಲ್‌ನ ನಡುವೆಯೇ ಬ್ರೆಜಿಲ್‌ನ ಫಾಬಿಯಾನಾ ಮುರೆರ್ ಅವರ ಗಳವೊಂದು ಕಾಣೆಯಾಗಿ, ಆಕೆ ಅಧಿಕಾರಿಗಳ ಮೇಲೆ ಕೂಗಾಡುತ್ತ ಹುಡುಕಿದ ದೃಶ್ಯ ಅಂದು ಟಿ.ವಿ. ನೋಡಿದವರಿಗೆ ನೆನಪಿರಬಹುದು.

ನನ್ನ ಬಾಲ್ಯದ ಶಾಲೆಯಲ್ಲಿ ಗಳವೆಂದರೆ ಬಿದಿರು. ಮಲೆನಾಡಿನ ಕಡೆಯಿಂದ ಬರುವ ಲಾರಿಯವರಿಗೆ ಹೇಳಿ ತರಿಸಿದ ನೆಟ್ಟನೆಯ ಬಿದಿರಿಗೆ ತುದಿಯಲ್ಲಿ ಬಟ್ಟೆ ಸುತ್ತಿ, ಮರಳಿನ ಗುಂಡಿಗೆ ಮರದ ಹೊಟ್ಟು ಸುರಿದು ಹಾರುತ್ತಿದ್ದೆವು. ಕಾಲ ಮೇಲೆ ಇಳಿಯದಿದ್ದರೆ ಸೊಂಟ ಮುರಿಯುವ ಭಯವಿತ್ತು. ನಾನು ದಾಟಿದ ಅತಿ ಹೆಚ್ಚು ಎತ್ತರ ಎಷ್ಟೆಂದು ಹೇಳಿಕೊಳ್ಳುವಂಥದ್ದಲ್ಲ. ಇದೇ ಬಿದಿರಿನ ಗಳ ಹಿಡಿದು ಅಮೆರಿಕದ ಕಾರ್ನೀಲಿಯಸ್ ವಾರ್ಮರ್‌ಡ್ಯಾಮ್ 1942ರಲ್ಲಿ 4.77 ಮೀಟರ್ ಹಾರಿದ್ದರು ಎಂದು ನಮ್ಮ ಮೇಷ್ಟ್ರು ಹೇಳಿದಾಗ ನಾವು ನಂಬಿರಲಿಲ್ಲ. ಹಾರಿದ್ದು ನಿಜವೇ.

‘ಕಾರ್ಖಾನೆ’ ಎಂಬ ಮಾತಿಗೆ ಮರಳುತ್ತೇನೆ. ಚೀನಾದಲ್ಲಿ ಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ಆರಿಸಿ ಕ್ರೀಡಾ ಶಾಲೆಗಳಿಗೆ ಸೇರಿಸುವ ಸರ್ಕಾರಿ ವ್ಯವಸ್ಥೆ ಇದೆ, ಪ್ರಾಂತ್ಯಗಳು ನಾಲ್ಕು ವರ್ಷಕ್ಕೊಮ್ಮೆ ನಡೆಯುವ ರಾಷ್ಟ್ರೀಯ ಕೂಟದ ಪದಕಗಳಿಗಾಗಿ ಪಟುಗಳನ್ನು ಸಾಕುತ್ತವೆ, ಇದರಲ್ಲಿ ಟೀಕಿಸಬೇಕಾದದ್ದು ಬಹಳ ಇದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮಹಿಳೆಯರ ಪೋಲ್‌ವಾಲ್ಟ್‌ನ ಮಟ್ಟಿಗೆ ಚೀನಾ ಯಾರೋ ಹಾಕಿಕೊಟ್ಟ ಅಚ್ಚಿನಲ್ಲಿ ಸರಕು ಎರಕ ಹೊಯ್ದ ದೇಶವಲ್ಲ. ದಾರಿ ಇಲ್ಲದಿದ್ದಾಗ ದಾರಿ ಮಾಡಿದ ದೇಶ. ಹೆಂಗಸರಿಗೆ ಭುಜಬಲ ಸಾಲದು, ಈ ಆಟ ಅವರಿಗಲ್ಲ ಎಂದು ಜಗತ್ತು ನಂಬಿದ್ದ ಕಾಲದಲ್ಲಿ ಅಲ್ಲಿನ ಹುಡುಗಿಯರು ಗಳ ಹಿಡಿದಿದ್ದರು. ಮಹಿಳೆಯರ ಪೋಲ್‌ವಾಲ್ಟ್‌ನ ಅಧಿಕೃತ ವಿಶ್ವದಾಖಲೆಗಳ ಪಟ್ಟಿ ಆರಂಭವಾಗುವುದೇ ಸುನ್ ತ್ಸೈಯುನ್ ಹೆಸರಿನಿಂದ: 1992ರ ಮೇ 21, ನಾನ್‌ಜಿಂಗ್, 4.05 ಮೀಟರ್. 1995ರ ಮೇ ತಿಂಗಳಲ್ಲಿ ಆಕೆ ಮತ್ತು ಝೋಂಗ್ ಗ್ವೇಯ್‌ಚಿಂಗ್ ಒಂದೇ ದಿನ 4.08 ದಾಟಿದರು. ಆಮೇಲೆ ಜೆಕ್ ದೇಶದ ಡೇನಿಯೆಲಾ ಬಾರ್ಟೋವಾ, ಆಸ್ಟ್ರೇಲಿಯಾದ ಎಮ್ಮಾ ಜಾರ್ಜ್, ಅಮೆರಿಕದ ಸ್ಟೇಸಿ ಡ್ರಾಗಿಲಾ ಬಂದು ದಾಖಲೆಯನ್ನು ಹೊತ್ತೊಯ್ದರು. ಇಸಿನ್‌ಬಯೆವಾ ಅದನ್ನು 2009ರಲ್ಲಿ ಜೂರಿಚ್‌ನಲ್ಲಿ 5.06ಕ್ಕೆ ಒಯ್ದು ನಿಲ್ಲಿಸಿದರು. 1998ರ ಬ್ಯಾಂಕಾಕ್‌ನಲ್ಲಿ ಏಷ್ಯನ್ ಕ್ರೀಡಾಕೂಟಕ್ಕೆ ಈ ಸ್ಪರ್ಧೆ ಸೇರಿದಾಗ ಚೀನಾದ ತ್ಸೈ ವೇಯ್‌ಯಾನ್ ಗೆದ್ದರು. 2002ರ ಬುಸಾನ್ ಮತ್ತು 2006ರ ದೋಹಾಗಳಲ್ಲಿ ಗಾವೊ ಶೂಯಿಂಗ್. 2006ರ ಪೋಲ್‌ವಾಲ್ಟ್ ಚಿನ್ನ ಗಾವೊ ಅವರದು ಎಂಬುದನ್ನು ನೋಡಿದ್ದರೂ ತಮ್ಮ ಲೇಖಕರಿಗೆ ಅನುಮಾನ ಬರಬೇಕಿತ್ತು.

ಈ ಸಾಲಿಗೆ ಬಂದ ಲಿ ಲಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಗೆದ್ದ ಮೂರು ಚಿನ್ನಗಳ ಎತ್ತರವನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. 2014ರ ಇಂಚಿಯಾನ್‌ನಲ್ಲಿ 4.35, ಗಾವೊ 12 ವರ್ಷಗಳ ಹಿಂದೆ ಬುಸಾನ್‌ನಲ್ಲಿ ಹಾರಿದ್ದಷ್ಟೇ ಎತ್ತರ. 2018ರ ಜಕಾರ್ತಾದಲ್ಲಿ 4.60, ಕೂಟ ದಾಖಲೆ. 2023ರ ಹಾಂಗ್‌ಝೌನಲ್ಲಿ 4.63, ಮತ್ತೆ ಕೂಟ ದಾಖಲೆ. ಕೊನೆಯದನ್ನು ಕುರಿತು ನಾಲ್ಕು ಮಾತು ಹೆಚ್ಚಾಗಿಯೇ ಬರೆಯಬೇಕೆನಿಸುತ್ತದೆ. ಹಾಂಗ್‌ಝೌ ಝೆಜಿಯಾಂಗ್ ಪ್ರಾಂತ್ಯದ ರಾಜಧಾನಿ, ಅಂದರೆ ಆಕೆ ಯಾರ ಹೆಸರಿನ ಅಂಗಿ ತೊಟ್ಟು ವರ್ಷಗಟ್ಟಲೆ ಹಾರಿದ್ದರೋ ಅವರದೇ ಊರು. ಕೂಟ ನಡೆಯಬೇಕಿದ್ದುದು 2022ರಲ್ಲಿ. ಕೋವಿಡ್‌ನಿಂದ ಒಂದು ವರ್ಷ ಮುಂದಕ್ಕೆ ಹೋಯಿತು. ಇಪ್ಪತ್ತರ ಹುಡುಗಿಗೆ ಒಂದು ವರ್ಷ ತಡವಾದರೆ ಅದು ಇನ್ನೊಂದು ವರ್ಷದ ಅಭ್ಯಾಸ. ಮೂವತ್ತಮೂರು ದಾಟಿದವರಿಗೆ ಮೊಣಕಾಲು, ಹಿಮ್ಮಡಿ, ಸೊಂಟ ಮೂರೂ ಸೇರಿ ಲೆಕ್ಕ ಕೇಳುವ ವರ್ಷ. ಆ ವರ್ಷವನ್ನೂ ಕಾದು, 34ನೇ ವಯಸ್ಸಿನಲ್ಲಿ, ಒಂಬತ್ತು ವರ್ಷಗಳ ಹಿಂದಿನ ತನ್ನ ಮೊದಲ ಚಿನ್ನಕ್ಕಿಂತ 28 ಸೆಂಟಿಮೀಟರ್ ಮೇಲೆ ಹಾರಿ ಆಕೆ ಸತತ ಮೂರನೆಯ ಚಿನ್ನ ಗೆದ್ದರು. ಸರಕು ಹಳೆಯದಾದಂತೆ ಬೆಲೆ ಇಳಿಯುತ್ತದೆ. ಇಲ್ಲಿ ಆದದ್ದು ಅದಲ್ಲ.

ಒಲಿಂಪಿಕ್ ಪದಕವಿಲ್ಲ ಎಂಬುದನ್ನು ಮುಚ್ಚಿಡುವ ಉದ್ದೇಶ ನನಗಿಲ್ಲ. ಆದರೆ ಎತ್ತರಗಳನ್ನು ಹೋಲಿಸಿದರೆ ಕುತೂಹಲದ ಸಂಗತಿಯೊಂದು ಕಾಣುತ್ತದೆ. ಸಿಡ್ನಿಯ ಮೊದಲ ಒಲಿಂಪಿಕ್ ಚಿನ್ನವನ್ನು ಡ್ರಾಗಿಲಾ ಗೆದ್ದದ್ದು 4.60 ಮೀಟರ್‌ಗೆ. ಲಂಡನ್‌ನಲ್ಲಿ ಸೂರ್ ಚಿನ್ನ ಗೆದ್ದದ್ದು 4.75ಕ್ಕೆ, ಇಸಿನ್‌ಬಯೆವಾ ಕಂಚು ಗೆದ್ದದ್ದು 4.70ಕ್ಕೆ. ಲಿ ಲಿಂಗ್ ಅವರ ಅತ್ಯುತ್ತಮ 4.72 ಈ ಎರಡರ ನಡುವೆ ನಿಲ್ಲುತ್ತದೆ. ಆದರೆ ಅದು ಬಂದದ್ದು ಲಂಡನ್ ಮುಗಿದ ಏಳು ವರ್ಷಕ್ಕೆ. ಅಷ್ಟರಲ್ಲಿ ಜಗತ್ತು ಮುಂದೆ ಸರಿದಿತ್ತು. ರಿಯೊದಲ್ಲಿ ಚಿನ್ನಕ್ಕೆ 4.85, ಟೋಕಿಯೊದಲ್ಲಿ 4.90 ಬೇಕಾಯಿತು. ಬೇರೆ ಬೇರೆ ದಿನದ, ಬೇರೆ ಬೇರೆ ಗಾಳಿಯ ಎತ್ತರಗಳನ್ನು ಹೀಗೆ ಜೋಡಿಸಿ ‘ಅಂದು ಇದ್ದಿದ್ದರೆ’ ಎನ್ನುವುದು ಶುದ್ಧ ಕಟ್ಟೆ ಪಂಚಾಯಿತಿ ಎಂದು ನನಗೂ ಗೊತ್ತು. ನಾನು ಹೇಳುವುದು ಇಷ್ಟೆ: ಕಾಲ ಸರಿಯಾಗಿ ಕೂಡಿಬರದ ಪಟುವೊಬ್ಬರ ಸಾಧನೆಗೆ, ಹೆಸರು ಒಂದೇ ಎಂಬ ಕಾರಣಕ್ಕೆ ಬೇರೆಯವರ ಪದಕ ತಂದು ಅಂಟಿಸಿ ಮರ್ಯಾದೆ ಹೆಚ್ಚಿಸಬೇಕಾದ ಅಗತ್ಯವಿಲ್ಲ.

ಭಾರತದ ಓದುಗರಿಗೆ ಈ ಎತ್ತರದ ಅರ್ಥ ತಿಳಿಸಲು ಒಂದು ಸಾಲು ಸಾಕಿತ್ತು. ನಮ್ಮ ಮಹಿಳೆಯರ ರಾಷ್ಟ್ರೀಯ ದಾಖಲೆ 2014ರಲ್ಲಿ ವಿ.ಎಸ್. ಸುರೇಖಾ ಅವರ 4.15, ಅದನ್ನು ಮುರಿದು ರೋಸಿ ಮೀನಾ ಪಾಲ್‌ರಾಜ್ 4.20 ಹಾರಿದ್ದು 2022ರ ಗುಜರಾತ್ ರಾಷ್ಟ್ರೀಯ ಕ್ರೀಡಾಕೂಟದಲ್ಲಿ. ಇಬ್ಬರೂ ತಮಿಳುನಾಡಿನವರು. ಐದು ಸೆಂಟಿಮೀಟರ್‌ಗೆ ನಮಗೆ ಎಂಟು ವರ್ಷ ಹಿಡಿಯಿತು. ಅದನ್ನು ನೋಡಿದವರಿಗೆ ಲಿ ಲಿಂಗ್ ಅವರ 18 ಸೆಂಟಿಮೀಟರ್‌ನ ತೂಕ ಬೇರೆ ಹೇಳಬೇಕಾಗಿಲ್ಲ.

ಈ ಪತ್ರ ಬರೆಯಲು ತಕ್ಷಣದ ಕಾರಣವೊಂದಿದೆ. ನಮ್ಮ ಬೀದಿಯಲ್ಲಿ ಒಂಬತ್ತನೇ ತರಗತಿಯ ಹುಡುಗನೊಬ್ಬ ಕ್ವಿಜ್ ಸ್ಪರ್ಧೆಗೆ ತಯಾರಾಗುತ್ತ ತಮ್ಮ ಪತ್ರಿಕೆಯ ಕ್ರೀಡಾ ಪುಟವನ್ನು ದಿನವೂ ಕತ್ತರಿಸಿ ನೋಟ್‌ಬುಕ್‌ಗೆ ಅಂಟಿಸುತ್ತಾನೆ. ‘ಒಲಿಂಪಿಕ್ಸ್ ಪೋಲ್‌ವಾಲ್ಟ್‌ನಲ್ಲಿ ಪದಕ ಗೆದ್ದ ಏಷ್ಯಾದ ಮೊದಲ ಮಹಿಳೆ ಯಾರು?’ ಎಂಬ ಪ್ರಶ್ನೆಯನ್ನೂ ಅದಕ್ಕೆ ‘ಲಿ ಲಿಂಗ್’ ಎಂಬ ಉತ್ತರವನ್ನೂ ಕೆಂಪು ಶಾಯಿಯಲ್ಲಿ ಬರೆದುಕೊಂಡು ನನಗೆ ತೋರಿಸಲು ಬಂದಿದ್ದ. ತಪ್ಪು ಎಂದೆ. ‘ಪೇಪರ್‌ನಲ್ಲೇ ಬಂದಿದೆಯಲ್ಲ ಸಾರ್’ ಎಂದ. ಅವನಿಗೆ ಮೇಲಿನದೆಲ್ಲವನ್ನೂ ವಿವರಿಸಿದೆ. ಕೇಳಿಸಿಕೊಂಡ, ಆದರೆ ಪೂರ್ತಿ ಒಪ್ಪಿಲ್ಲ. ಆದ್ದರಿಂದ ತಿದ್ದುಪಡಿಯನ್ನು ಒಳಪುಟದ ಮೂಲೆಯಲ್ಲಿ ಹಾಕದೆ, ಲೇಖನ ಬಂದ ಕ್ರೀಡಾ ಪುಟದಲ್ಲೇ ಪ್ರಕಟಿಸಬೇಕೆಂದು ಕೋರುತ್ತೇನೆ. ಸದ್ಯಕ್ಕೆ ಅವನು ಆ ಉತ್ತರದ ಪಕ್ಕದಲ್ಲಿ ಪೆನ್ಸಿಲ್‌ನಿಂದ ಪ್ರಶ್ನಾರ್ಥಕ ಚಿಹ್ನೆಯೊಂದನ್ನು ಹಾಕಿಟ್ಟುಕೊಂಡಿದ್ದಾನೆ. ಪೇಪರ್‌ನಲ್ಲಿ ಬಂದ ಮೇಲೆ ಹೊಡೆದುಹಾಕುತ್ತಾನಂತೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ
ತಿಪಟೂರು